ಕರ್ನಾಟಕದ ಗಾಂಧಿ ಹರ್ಡೇಕರ ಮಂಜಪ್ಪನವರು

ಒಬ್ಬರ ಮನಸ್ಸನ್ನು ಮತ್ತೊಬ್ಬರು ತಿದ್ದುವುದು ಸುಲಭವಾದ ಕೆಲಸವಲ್ಲ. ಅದರಲ್ಲಿಯೂ ದೇಶದ ಆಡಳಿತ, ಪ್ರಜೆಗಳ ಹಕ್ಕು, ನಾಡಿನ ಹಿತ ಮೊದಲಾದ ವಿಷಯಗಳಲ್ಲಿ ಒಮ್ಮೆ ಬೇರೂರಿದ ಅಭಿಪ್ರಾಯವನ್ನು ಕದಲಿಸುವುದು ಬಹು ಕಷ್ಟ. ಸತ್ಯಸಂಗತಿಯನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟರೆ ಸಾಕು, ಬುದ್ಧಿಯುಳ್ಳವರು ತಾವಾಗಿಯೇ ಒಪ್ಪುತ್ತಾರೆಂದು ಕೆಲವರು ನಂಬುತ್ತಾರೆ. ಮೊದಲು ಜನರ ಕಷ್ಟಸುಖಗಳಲ್ಲಿ ಪಾಲುಗೊಂಡು ಅವರ ವಿಶ್ವಾಸ ಗಳಿಸಬೇಕು, ಆಮೇಲೆ ಹೇಳಿದ ಮಾತು ಮಾತ್ರ ನಾಟುತ್ತದೆ ಎಂಬುದು ಇನ್ನು ಕೆಲವರ ನಂಬಿಕೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರಿಗೆ ಈ ತೊಡಕು ಚೆನ್ನಾಗಿ ತಿಳಿದಿತ್ತು. ಈ ಎರಡು ಮಾರ್ಗಗಳಲ್ಲಿಯೂ ನಡೆದು, ಎರಡರ ಬಲವನ್ನೂ ಮಿತಿಯನ್ನೂ ತಮ್ಮ ಬಾಳಿನಲ್ಲಿ ಕಂಡವರು ಹರ್ಡೇಕರ ಮಂಜಪ್ಪನವರು. ದಾವಣಗೆರೆ ಮತ್ತು ಹರಿಹರ ಅವರ ಈ ಸಾಧನೆಯ ಮುಖ್ಯ ಕ್ಷೇತ್ರಗಳಾಗಿದ್ದವು.

ಮಂಜಪ್ಪನವರು ೧೮೮೬ರ ಫೆಬ್ರವರಿ ೧೮ರಂದು ಉತ್ತರ ಕನ್ನಡ ಜಿಲ್ಲೆಯ ಬನವಾಸಿಯಲ್ಲಿ ಜನಿಸಿದರು. ಬನವಾಸಿ ಕದಂಬರ ರಾಜಧಾನಿಯಾಗಿದ್ದ ಊರು; ವರದಾ ನದಿಯ ದಂಡೆಯ ಮೇಲಿದೆ. ಕನ್ನಡದ ಮೊದಲ ರಾಜಮನೆತನ ಆಳಿದ ಆ ಊರು ಮಂಜಪ್ಪನವರು ಹುಟ್ಟುವ ಹೊತ್ತಿಗೆ ಪರಕೀಯರ ಆಳ್ವಿಕೆಗೊಳಪಟ್ಟ ಮುಂಬಯಿ ಪ್ರಾಂತದ ಒಂದು ಸಣ್ಣ ಗ್ರಾಮವಾಗಿತ್ತು. ಮನೆಯಲ್ಲಿ ಬಡತನ. ಆದರೂ ಬಾಲಕ ಮಂಜಪ್ಪ ಓದನ್ನು ಬಿಡಲಿಲ್ಲ. ಆ ಕಾಲದಲ್ಲಿ ಮುಂಬಯಿ ಪ್ರಾಂತದ ಕನ್ನಡ ಶಾಲೆಗಳಲ್ಲಿ ಕಲಿತವರು ಕೊನೆಯಲ್ಲಿ ಮುಲ್ಕಿ ಎಂಬ ಪರೀಕ್ಷೆಗೆ ಕೂಡುತ್ತಿದ್ದರು. ಅದರಲ್ಲಿ ಉತ್ತೀರ್ಣರಾದವರಿಗೆ ಶಾಲಾಮಾಸ್ತರರ ಕೆಲಸ ದೊರೆಯುತ್ತಿತ್ತು. ಮಂಜಪ್ಪನವರೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಶಿಕ್ಷಕರಾದರು. ಸಂಬಳ ಅಲ್ಪ. ಆದರೆ ಬಡ ಕುಟುಂಬಕ್ಕೆ ತಿಂಗಳು ತಿಂಗಳಿಗೆ ತಪ್ಪದೆ ಬರುವ ಹಣ ದೊಡ್ಡ ಆಸರೆಯೇ ಸರಿ.

೧೯೦೫ರಲ್ಲಿ ಬ್ರಿಟಿಷ್ ಸರ್ಕಾರ ಬಂಗಾಳ ಪ್ರಾಂತವನ್ನು ಎರಡಾಗಿ ಒಡೆಯಿತು. ಇದರಿಂದ ರೊಚ್ಚಿಗೆದ್ದ ಜನ ಪರದೇಶದ ವಸ್ತುಗಳನ್ನು ತ್ಯಜಿಸಿ ಸ್ವದೇಶದ ವಸ್ತುಗಳನ್ನೇ ಬಳಸುವ ಪ್ರತಿಜ್ಞೆ ಮಾಡಿದರು. ಬಂಗಾಳದಲ್ಲಿ ಹೊತ್ತಿದ ಈ ಸ್ವದೇಶೀ ಚಳವಳಿ ಬೇಗನೆ ದೇಶದಲ್ಲೆಲ್ಲ ಹರಡಿತು. ಮಹಾರಾಷ್ಟ್ರದಲ್ಲಿ ಲೋಕಮಾನ್ಯ ಬಾಲಗಂಗಾಧರ ತಿಲಕರು ಇದರ ಮುಂದಾಳುಗಳಾದರು. ಅವರ ಕೇಸರಿ ಪತ್ರಿಕೆಯ ಲೇಖನಗಳು ಮುಂಬಯಿ ಕರ್ನಾಟಕದ ತರುಣರ ಕಣ್ಣು ತೆರೆಸಿದವು. ಅಂಥ ತರುಣರಲ್ಲಿ ಮಂಜಪ್ಪನವರೂ ಒಬ್ಬರು. ಪರಕೀಯರ ಸರ್ಕಾರದ ಸಂಬಳ ಪಡೆದು ಸ್ವದೇಶಿಯ ಮಾತನಾಡುವುದು ಅವರಿಗೆ ಸರಿತೋರಲಿಲ್ಲ. ೧೯೦೬ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ಶಾಲೆಯ ಕೆಲಸಕ್ಕೆ ರಾಜೀನಾಮೆಯಿತ್ತು ದಾವಣಗೆರೆಗೆ ಬಂದರು. ಅಲ್ಲಿ ಅವರ ಅಣ್ಣಂದಿರು ನೆಲಸಿದ್ದರು.

ದಾವಣಗೆರೆ ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅದು ವ್ಯಾಪಾರದ ಊರು. ಸುತ್ತಲಿನ ಎರೆಯ ನೆಲದಲ್ಲಿ ಬೆಳೆದ ಹತ್ತಿ ಅಲ್ಲಿಯ ಪೇಟೆಗೆ ಬರುತ್ತಿತ್ತು. ರೈಲುಮಾರ್ಗ ಬಂದಿದ್ದುದರಿಂದ ಸರಕು ತರುವುದೂ ಕಳಿಸುವುದೂ ಸುಲಭವಾಗಿತ್ತು. ಇಂಥ ಊರಿನಲ್ಲಿ ಮಂಜಪ್ಪನವರು ಅಣ್ಣನವರ ನೆರವಿನಿಂದ ೧೯೦೬ರಲ್ಲಿಯೇ ಒಂದು ವಾರಪತ್ರಿಕೆಯನ್ನು ಆರಂಭಿಸಿದರು. ಅದರ ಹೆಸರು ಧನುರ್ಧಾರಿ. ಬಿಲ್ಲು ಹಿಡಿದವನು ಗುರಿ ತಪ್ಪದೆ ಬಾಣ ಬಿಡುವಂತೆ ಸತ್ಯಸಂಗತಿಗಳನ್ನು ನೇರವಾಗಿ ಬಿಡುವುದೇ ಈ ಪತ್ರಿಕೆಯ ಕೆಲಸವೆಂದು ಹೆಸರಿನಿಂದಲೇ ತಿಳಿಯುತ್ತಿತ್ತು. ಕೇಸರಿಯ ಲೇಖನಗಳನ್ನು ಮಂಜಪ್ಪನವರು ಕನ್ನಡಿಸಿ ಅದರಲ್ಲಿ ಪ್ರಕಟಿಸಿದರು. ತಿಲಕರ ವಿಚಾರಗಳು ಹೀಗೆ ಮರಾಠಿ ಬಾರದ ಕನ್ನಡಿಗರ ಕೈಗೂ ಬಂದವು.

ಸ್ವದೇಶಿಯ ವಾದಕ್ಕೆ ಆಧಾರವಾದ ಸಂಗತಿಗಳು ಕಠೋರವಾಗಿದ್ದವು. ನಮ್ಮ ದೇಶ ಹೊರಗಿನಿಂದ ತರಿಸುತ್ತಿದ್ದ ಬಟ್ಟೆಯಲ್ಲಿ ಬಹುಪಾಲು ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳಲ್ಲಿ ತಯಾರಾದುದು. ಆ ಬಟ್ಟೆ ಅಗ್ಗವಾಗಿ ದೊರೆತಂತೆ ನಮ್ಮ ಹಳ್ಳಿಗಳ ರಾಟೆ ನಿಂತಿತು. ಅನೇಕ ಕಡೆ ಮಗ್ಗದ ಸದ್ದೂ ಅಡಗಿತು. ನೇಕಾರ ಮಗ್ಗ ಬಿಟ್ಟು ಕೂಲಿಗೆ ಹೋದನು. ದೇಶದ ಸಂಪತ್ತು ವರ್ಷ ವರ್ಷವೂ ಹೊರಕ್ಕೆ ಹರಿದುಹೋಗುತ್ತಿರುವುದನ್ನು ದಾದಾಭಾಯಿ ನವರೋಜಿಯವರು ಲೆಕ್ಕ ಹಾಕಿ ತೋರಿಸಿದ್ದರು. ಸ್ವದೇಶೀ ಪತ್ರಿಕೆಗಳೆಲ್ಲ ಈ ಲೆಕ್ಕವನ್ನು ಜನರ ಮುಂದೆ ಇಟ್ಟವು. ಅದು ನಿಜವೆಂದು ಅನೇಕರು ಒಪ್ಪಿದರು.

ಆದರೆ ನಿಜವೆಂದು ಒಪ್ಪಿದವರೆಲ್ಲ ಬದಲಾಗುವುದಿಲ್ಲ. ಇದಕ್ಕೆ ಮೂರು ಅಡ್ಡಿಗಳಿದ್ದವು. ಮೊದಲನೆಯದು ಅನಕ್ಷರತೆ. ೧೯೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ನೂರಕ್ಕೆ ಸುಮಾರು ಆರು ಜನ ಮಾತ್ರ ಅಕ್ಷರ ಬಲ್ಲವರಾಗಿದ್ದರು. ಪತ್ರಿಕೆ ಎಷ್ಟೇ ಸತ್ಯವನ್ನು ಬರೆದರೂ ಉಳಿದ ತೊಂಬತ್ತನಾಲ್ಕು ಜನರಿಗೆ ಅದು ಬಿಳಿಯ ಕಾಗದದ ಮೇಲಿನ ಕಪ್ಪು ಗೆರೆ. ಎರಡನೆಯದು ಕಾನೂನು. ೧೯೦೮ರಲ್ಲಿ ಕೇಸರಿಯ ಲೇಖನಗಳಿಗಾಗಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಬರ್ಮಾದ ಮಂಡಾಲೆಯ ಸೆರೆಮನೆಗೆ ಕಳಿಸಲಾಯಿತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಪತ್ರಿಕೆಗಳನ್ನು ಬಿಗಿಹಿಡಿಯುವ ಕಾನೂನು ಜಾರಿಗೆ ಬಂದಿತು. ಅದನ್ನು ಪ್ರತಿಭಟಿಸಿ ಮೈಸೂರಿನಲ್ಲಿ ತಾತಯ್ಯನವರೆಂದು ಹೆಸರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಧನುರ್ಧಾರಿಯಂಥ ಸಣ್ಣ ಪತ್ರಿಕೆಯನ್ನು ಇಂಥ ಕಾಲದಲ್ಲಿ ನಡೆಸುವುದು ಕತ್ತಿಯ ಅಲಗಿನ ಮೇಲಿನ ನಡಿಗೆಯಾಗಿತ್ತು.

ಮೂರನೆಯ ಅಡ್ಡಿ ಎಲ್ಲಕ್ಕಿಂತ ದೊಡ್ಡದು. ಅದು ಮನುಷ್ಯನ ಸ್ವಭಾವಕ್ಕೆ ಸೇರಿದ್ದು. ಪರದೇಶದ ಬಟ್ಟೆ ದೇಶವನ್ನು ಬಡವಾಗಿಸುತ್ತಿದೆ ಎಂಬ ಮಾತು ಜವಳಿ ವರ್ತಕನ ಕಿವಿಗೆ ಬಿದ್ದಾಗ ಅವನು ದೇಶವನ್ನು ಮೊದಲು ನೆನೆಯುವುದಿಲ್ಲ. ಸಾಲ ತಂದು ಅಂಗಡಿಯಲ್ಲಿ ತುಂಬಿಸಿದ ಸರಕನ್ನು ನೆನೆಯುತ್ತಾನೆ, ಮನೆಯಲ್ಲಿರುವ ಮಕ್ಕಳನ್ನು ನೆನೆಯುತ್ತಾನೆ. ಅಗ್ಗದ ಸೀರೆ ಕೊಂಡ ಬಡ ಹೆಂಗಸಿಗೆ ಅದು ದೇಶದ್ರೋಹವೆಂದು ಹೇಳಿದರೆ, ತನ್ನ ಬಡತನವನ್ನು ಹೀಯಾಳಿಸಿದರೆಂದು ಅವಳು ನೊಂದುಕೊಳ್ಳುತ್ತಾಳೆ. ಕೇಳಿದ ಸಂಗತಿ ತನ್ನ ಮೇಲಿನ ಆರೋಪದಂತೆ ತೋರಿದೊಡನೆ ಮನುಷ್ಯನು ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಬದಲು ತನ್ನನ್ನು ಸಮರ್ಥಿಸಿಕೊಳ್ಳಲು ಸಿದ್ಧನಾಗುತ್ತಾನೆ. ಆಗ ಸತ್ಯವೇ ಅವನ ಮನಸ್ಸಿನ ಬಾಗಿಲಿಗೆ ಅಗುಳಿಯಾಗುತ್ತದೆ.

ಮಂಜಪ್ಪನವರ ಮುಂದಿನ ಕಾರ್ಯಗಳನ್ನು ನೋಡಿದರೆ ಅವರು ಈ ಅಡ್ಡಿಗಳನ್ನು ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ. ಅವರು ಮೊದಲು ತಿದ್ದಲು ಹೊರಟದ್ದು ಪರರನ್ನಲ್ಲ, ತಮ್ಮನ್ನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಅಪವಾದಕ್ಕೆ ಅವರು ಎಡೆಗೊಡಲಿಲ್ಲ. ಯೌವನದಲ್ಲಿಯೇ ಆಜೀವ ಬ್ರಹ್ಮಚರ್ಯವ್ರತವನ್ನು ಸ್ವೀಕರಿಸಿದರು. ಉಡುಗೆ, ಊಟ, ವಸತಿಗಳಲ್ಲಿ ಸರಳತೆಯನ್ನು ರೂಢಿಸಿಕೊಂಡರು. ದೇಶಸೇವೆಗೆ ಮೀಸಲಾದ ಬಾಳಿನಲ್ಲಿ ಸ್ವಂತಕ್ಕೆಂದು ಅವರು ಏನನ್ನೂ ಉಳಿಸಿಕೊಳ್ಳಲಿಲ್ಲ.

ಆ ದಿನಗಳಲ್ಲಿ ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಸಹವಾಸ ಅವರಿಗೆ ದೊರೆಯಿತು. ೧೯೧೧ರ ಸುಮಾರಿಗೆ ಇಬ್ಬರೂ ಕೂಡಿ ಮಠದಲ್ಲಿ ಭಜನೆಯನ್ನೂ ಶ್ರಾವಣಮಾಸದ ಪ್ರವಚನಗಳನ್ನೂ ಆರಂಭಿಸಿದರು. ಪತ್ರಿಕೆ ಓದಲಾರದ ಜನ ಪ್ರವಚನ ಕೇಳಬಲ್ಲರು. ಭಾಷಣವೆಂದರೆ ಹಿಂಜರಿಯುವವರು ಭಜನೆಗೆ ಬಂದು ಕೂಡಬಲ್ಲರು. ಶರಣರ ಬಾಳಿನ ಕಥೆಯನ್ನು ಕೇಳುತ್ತ ಕೇಳುತ್ತ ದುಡಿಮೆಯ ಹಿರಿಮೆ, ಸರಳ ಜೀವನ, ಮನುಷ್ಯರೆಲ್ಲರ ಸಮಾನತೆ ಇವು ಜನರ ಮನಸ್ಸಿಗೆ ಇಳಿದವು. ಇಲ್ಲಿ ಕೇಳುವವನು ಆರೋಪಿಯಾಗಿರಲಿಲ್ಲ, ಹೇಳುವವನು ನ್ಯಾಯಾಧೀಶನಾಗಿರಲಿಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತವರು.

ಇದರ ಮುಂದಿನ ಹೆಜ್ಜೆಯೇ ಬಸವ ಜಯಂತಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಾಳಿದ ಬಸವಣ್ಣನವರನ್ನು ಜನ ಭಕ್ತಿಯಿಂದ ನೆನೆಯುತ್ತಿದ್ದರು. ಆದರೆ ವಚನಗಳ ಅಚ್ಚಾದ ಪುಸ್ತಕಗಳು ಆಗ ವಿರಳವಾಗಿದ್ದವು. ಸಮಾಜವನ್ನು ತಿದ್ದಿದ ಮಹಾಪುರುಷರೆಂದು ಅವರನ್ನು ತಿಳಿದವರು ಕಡಿಮೆ. ಮಹಾರಾಷ್ಟ್ರದಲ್ಲಿ ತಿಲಕರು ಗಣೇಶೋತ್ಸವವನ್ನೂ ಶಿವಾಜಿ ಉತ್ಸವವನ್ನೂ ಸಾರ್ವಜನಿಕವಾಗಿ ನಡೆಸಿ ಜನರನ್ನು ಒಟ್ಟುಗೂಡಿಸಿದ್ದರು. ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳೊಡನೆ ೧೯೧೩ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಅಲ್ಲಿಂದ ಈ ಆಚರಣೆ ಊರಿಂದೂರಿಗೆ ಹಬ್ಬಿತು. ಇಂದು ನಾಡಿನಾದ್ಯಂತ ವೈಶಾಖ ಶುದ್ಧ ತದಿಗೆಯಂದು ನಡೆಯುವ ಬಸವ ಜಯಂತಿಗೆ ದಾವಣಗೆರೆಯ ಆ ಉತ್ಸವವೇ ಮೂಲ.

ಬಸವಣ್ಣನವರನ್ನು ಆರಿಸಿಕೊಂಡುದರಲ್ಲಿ ಒಂದು ಅರ್ಥವಿದೆ. ಬಸವಣ್ಣನವರು ತಮ್ಮ ಕಾಲದ ಅನ್ಯಾಯಗಳನ್ನು ಎತ್ತಿ ಆಡಲು ಅಂಜಿದವರಲ್ಲ. ಅವರ ನುಡಿ ಎಷ್ಟೋ ವೇಳೆ ಚಾಟಿಯ ಏಟಿನಂತಿರುತ್ತದೆ. ಆದರೆ ದಯೆಗೆ ಅವರು ಕೊಟ್ಟ ಸ್ಥಾನ ಮತ್ತಾವುದಕ್ಕೂ ಕೊಡಲಿಲ್ಲ. ಪರರ ತಪ್ಪನ್ನು ಎಣಿಸುವುದಕ್ಕೆ ಮುನ್ನ ತಮ್ಮ ತಪ್ಪನ್ನು ಮುಂದಿಟ್ಟು ಮಾತನಾಡುವುದು ಅವರ ರೀತಿ. ಆದುದರಿಂದಲೇ ಕಟುವಾದ ಮಾತೂ ಅವರ ಬಾಯಲ್ಲಿ ಬಂದಾಗ ಹಗೆತನವೆನಿಸಲಿಲ್ಲ. ನೇರ ನುಡಿಯೂ ಕರುಣೆಯೂ ಒಂದೆಡೆ ಇರಬಲ್ಲವೆಂಬುದಕ್ಕೆ ಕನ್ನಡನಾಡಿನಲ್ಲಿ ಎಂಟುನೂರು ವರ್ಷಗಳ ಹಿಂದಿನ ಮೇಲ್ಪಂಕ್ತಿ ಮಂಜಪ್ಪನವರಿಗೆ ಸಿಕ್ಕಿತು.

ಅಷ್ಟರಲ್ಲಿ ದೇಶದ ರಾಜಕೀಯದಲ್ಲಿ ಹೊಸ ಯುಗವೊಂದು ತೊಡಗಿತು. ೧೯೧೫ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಹಿಂದಿರುಗಿದರು. ೧೯೨೦ರ ಆಗಸ್ಟ್ ೧ರಂದು ತಿಲಕರು ನಿಧನ ಹೊಂದಿದರು. ಅದೇ ವರ್ಷ ಅಸಹಕಾರ ಚಳವಳಿ ಆರಂಭವಾಯಿತು. ಎದುರಾಳಿಯನ್ನು ಸೋಲಿಸುವುದಲ್ಲ, ಅವನ ಮನಸ್ಸನ್ನು ಗೆಲ್ಲುವುದೇ ಸತ್ಯಾಗ್ರಹದ ಗುರಿ. ಅದಕ್ಕಾಗಿ ಸತ್ಯಾಗ್ರಹಿ ಅಸತ್ಯದೊಡನೆ ರಾಜಿ ಮಾಡಿಕೊಳ್ಳುವುದಿಲ್ಲ. ಆದರೆ ಅದರಿಂದ ಬರುವ ಕಷ್ಟವನ್ನು ಎದುರಾಳಿಯ ಮೇಲೆ ಹೊರಿಸದೆ ತಾನೇ ಹೊರುತ್ತಾನೆ. ತಿಲಕರ ಅನುಯಾಯಿಯಾಗಿ ಸಾರ್ವಜನಿಕ ಜೀವನಕ್ಕೆ ಇಳಿದ ಮಂಜಪ್ಪನವರಿಗೆ ಈ ತತ್ತ್ವ ಸಹಜವಾಗಿಯೇ ಒಪ್ಪಿಗೆಯಾಯಿತು. ಅವರು ಬಸವ ಪರಂಪರೆಯಲ್ಲಿ ಹುಡುಕಿಕೊಂಡಿದ್ದ ದಾರಿ ಅದೇ ಆಗಿತ್ತು. ಅವರು ಖಾದಿಯನ್ನು ಧರಿಸಿ ಗಾಂಧೀಜಿಯವರ ವಿಚಾರಗಳನ್ನು ಊರೂರು ತಿರುಗಿ ಬಿತ್ತರಿಸಿದರು. ಆ ಕುರಿತು ಕನ್ನಡದಲ್ಲಿ ಪುಸ್ತಕಗಳನ್ನೂ ಬರೆದರು. ಜನ ಅವರನ್ನು ಕರ್ನಾಟಕದ ಗಾಂಧಿ ಎಂದು ಕರೆದರು.

ದಾವಣಗೆರೆಯಿಂದ ಸುಮಾರು ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ ಹರಿಹರವಿದೆ. ತುಂಗಭದ್ರಾ ನದಿಯ ದಂಡೆಯ ಮೇಲಿರುವ ಈ ಊರು ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತ ಹರಿಹರೇಶ್ವರನ ಗುಡಿಗೆ ಪ್ರಸಿದ್ಧ. ಹದಿಮೂರನೆಯ ಶತಮಾನದ ಹೊಯ್ಸಳರ ಕಾಲದ ಗುಡಿ ಅದು. ಅಂದು ನದಿಯ ಈಚೆ ದಡ ಮೈಸೂರು ಸಂಸ್ಥಾನ. ಆಚೆ ದಡ ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಎರಡು ಆಡಳಿತಗಳ ಗಡಿಯಾದರೂ ಎರಡು ದಡಗಳ ಭಾಷೆ ಒಂದೇ. ಇಂಥ ಸ್ಥಳದಲ್ಲಿ, ೧೯೨೦ರ ದಶಕದಲ್ಲಿ, ಮಂಜಪ್ಪನವರು ಹೊಳೆಯ ತೀರದಲ್ಲಿ ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು.

ಆಶ್ರಮವು ಉಪದೇಶ ಮಾಡುವ ಸ್ಥಳವಲ್ಲ, ಬಾಳಿ ತೋರಿಸುವ ಸ್ಥಳ. ದೇಶೀಯ ಸಂಸ್ಥಾನಗಳ ಆಡಳಿತದಲ್ಲಿ ಕೈಹಾಕದೆ, ಖಾದಿ, ಅಸ್ಪೃಶ್ಯತಾನಿವಾರಣೆ ಮೊದಲಾದ ರಚನಾತ್ಮಕ ಕಾರ್ಯಗಳಿಗೆ ಅಲ್ಲಿ ಗಮನ ಕೊಡಬೇಕೆಂಬುದು ಆಗ ಗಾಂಧೀಜಿಯವರ ಧೋರಣೆಯಾಗಿತ್ತು. ಮೈಸೂರು ಸಂಸ್ಥಾನದ ನೆಲದಲ್ಲಿದ್ದ ಹರಿಹರದ ಆಶ್ರಮಕ್ಕೆ ಈ ಮಾರ್ಗ ಹೊಂದುವಂತಿತ್ತು. ಖಾದಿ ಉಡಿರೆಂದು ನೂರು ಬಾರಿ ಹೇಳುವುದಕ್ಕಿಂತ ತಾನು ನೂತ ನೂಲಿನ ಬಟ್ಟೆಯನ್ನು ಉಟ್ಟು ಎದುರು ನಿಲ್ಲುವುದು ಮೇಲು. ಆ ಬಟ್ಟೆ ಒರಟು, ಬೆಲೆ ಹೆಚ್ಚು ಎಂಬ ಆಕ್ಷೇಪಣೆಗೆ ಮಾತಿನಲ್ಲಿ ಉತ್ತರ ಕೊಡಬೇಕಾಗಿರಲಿಲ್ಲ. ಅದರ ಒರಟನ್ನು ಮೊದಲು ತನ್ನ ಮೈಯ ಮೇಲೆ ತಾಳಿಕೊಂಡವನೇ ಎದುರಿಗಿದ್ದನು.

ಇದೇ ತತ್ತ್ವದ ಪರೀಕ್ಷೆ ಕೆಲವು ವರ್ಷಗಳ ಮೇಲೆ ದೂರದ ಇಂಗ್ಲೆಂಡಿನಲ್ಲಿ ನಡೆಯಿತು. ೧೯೩೧ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿ ಸೆಪ್ಟೆಂಬರ್ ತಿಂಗಳಲ್ಲಿ ಲ್ಯಾಂಕಾಶೈರಿನ ಗಿರಣಿಗಳ ಊರುಗಳಿಗೆ ಭೇಟಿಯಿತ್ತರು. ಭಾರತೀಯರು ಪರದೇಶದ ಬಟ್ಟೆಯನ್ನು ಬಹಿಷ್ಕರಿಸಿದ್ದು ಅಲ್ಲಿಯ ನಿರುದ್ಯೋಗಕ್ಕೆ ಒಂದು ಕಾರಣವಾಗಿತ್ತು. ಕೆಲಸ ಕಳೆದುಕೊಂಡ ಕಾರ್ಮಿಕರು ಸಿಟ್ಟಿನಿಂದ ಅವರನ್ನು ಹೀಯಾಳಿಸಬಹುದಾಗಿತ್ತು. ಗಾಂಧೀಜಿ ಮೊದಲು ಅವರ ಕಷ್ಟಗಳನ್ನು ಕೇಳಿದರು, ಅದಕ್ಕಾಗಿ ಮರುಗಿದರು. ಆಮೇಲೆ ಭಾರತದ ಹಳ್ಳಿಗಳ ಬಡತನ ಎಷ್ಟು ಘೋರವೆಂಬುದನ್ನು ಅವರ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟರು. ಬಹಿಷ್ಕಾರವನ್ನು ಹಿಂತೆಗೆಯುವ ಮಾತು ಕೊಡಲಿಲ್ಲ. ಆದರೂ ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಹರ್ಷೋದ್ಗಾರ ಮಾಡಿದರು. ಸಂಗತಿ ಕಹಿಯಾಗಿಯೇ ಇತ್ತು. ಅದನ್ನು ಹೇಳಿದವನಲ್ಲಿ ಹಗೆಯಿರಲಿಲ್ಲ.

ಹಾಗೆಂದು ಕರುಣೆಯೊಂದೇ ಸಾಕು, ಸತ್ಯಸಂಗತಿಗಳ ಗೊಡವೆ ಬೇಡವೆಂದು ತಿಳಿಯಬಾರದು. ಕರುಣೆಯ ದಾರಿ ನಿಧಾನವಾದದ್ದು. ಒಂದು ಪತ್ರಿಕೆ ಒಂದು ದಿನದಲ್ಲಿ ನೂರಾರು ಮನೆಗಳಿಗೆ ಹೋಗಬಲ್ಲುದು. ಆಶ್ರಮವಾಸಿಯೊಬ್ಬನು ಒಂದು ದಿನದಲ್ಲಿ ನೂರು ಮನೆಗಳನ್ನು ಹೊಕ್ಕು ಜನರ ವಿಶ್ವಾಸವನ್ನು ಗಳಿಸಲಾರನು. ಅನ್ಯಾಯಕ್ಕೆ ಒಳಗಾದವನಿಗೆ ಕಾಯುವ ವ್ಯವಧಾನವೂ ಇರುವುದಿಲ್ಲ. ಅಸ್ಪೃಶ್ಯನೆಂದು ಕೆರೆಯ ನೀರು ಮುಟ್ಟಲು ಬಿಡದವರ ಮನಸ್ಸು ಕರಗುವವರೆಗೆ ಆ ಮನುಷ್ಯನು ಬಾಯಾರಿಯೇ ಇರಬೇಕಾಗುತ್ತದೆ. ಮತ್ತೊಂದು ಅಪಾಯವೂ ಉಂಟು. ಪರರ ಮನಸ್ಸು ನೋಯಬಾರದೆಂದು ನಿಜವನ್ನು ನುಂಗಿಕೊಂಡರೆ ಕರುಣೆ ಕೇವಲ ಮುಖಸ್ತುತಿಯಾಗುತ್ತದೆ. ಸಂಗತಿಯಿಲ್ಲದ ಕರುಣೆ ಕಣ್ಣೀರು ತರಿಸೀತು, ದಾರಿ ತೋರಿಸಲಾರದು.

ಮಂಜಪ್ಪನವರು ಇದನ್ನು ಮರೆಯಲಿಲ್ಲ. ಪ್ರವಚನ, ಉತ್ಸವ, ಆಶ್ರಮಗಳ ನಡುವೆಯೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಖಾದಿವಿಜಯ, ಶರಣಸಂದೇಶ ಮೊದಲಾದ ಪತ್ರಿಕೆಗಳನ್ನು ನಡೆಸಿದರು. ಧರ್ಮ, ನೀತಿ, ಆರೋಗ್ಯ, ಸ್ವದೇಶಿ, ಶರಣರ ಚರಿತ್ರೆ ಮುಂತಾದ ವಿಷಯಗಳ ಮೇಲೆ ಹಲವು ಹತ್ತು ಪುಸ್ತಕಗಳನ್ನು ಬರೆದರು. ಪಂಡಿತರಿಗಲ್ಲ, ಸಾಮಾನ್ಯ ಜನರಿಗೆ ತಿಳಿಯಲೆಂದು ಬರೆದ ಪುಸ್ತಕಗಳವು. ಧನುರ್ಧಾರಿಯ ಬಾಣವನ್ನು ಅವರು ಬತ್ತಳಿಕೆಯಲ್ಲಿ ಮುಚ್ಚಿಡಲಿಲ್ಲ. ಅದನ್ನು ಬಿಡುವ ಮುನ್ನ ಎದುರಿಗಿರುವವನು ಶತ್ರುವಲ್ಲ, ತನ್ನವನೇ ಎಂಬುದನ್ನು ನೆನಪಿಟ್ಟುಕೊಂಡರು.

ಹರಿಹರದ ಬಳಿಕ ಅವರ ಕಾರ್ಯಕ್ಷೇತ್ರ ಕೃಷ್ಣಾ ತೀರದ ಆಲಮಟ್ಟಿಗೆ ಬದಲಾಯಿತು. ಅಂದಿನ ಬಿಜಾಪುರ ಜಿಲ್ಲೆಯ ಆ ಊರಿನಲ್ಲಿ ಅವರು ವಿದ್ಯಾಲಯವೊಂದನ್ನು ಸ್ಥಾಪಿಸಿದರು. ಸರ್ಕಾರಿ ಶಾಲೆಯ ಮಾಸ್ತರಿಕೆಯನ್ನು ತೊರೆದು ಹೊರಟವರು ಸುಮಾರು ಎರಡು ದಶಕಗಳ ಮೇಲೆ ತಮ್ಮದೇ ಆದರ್ಶದ ಶಾಲೆಯಲ್ಲಿ ಮತ್ತೆ ಶಿಕ್ಷಕರಾದರು. ಬೆಳೆದವರ ಮನಸ್ಸನ್ನು ಬದಲಿಸುವುದು ಎಷ್ಟು ಕಷ್ಟವೆಂದು ಕಂಡವರು ಎಳೆಯ ಮನಸ್ಸುಗಳನ್ನು ಬೆಳೆಸುವ ಕೆಲಸಕ್ಕೆ ಹಿಂದಿರುಗಿದುದು ಸಹಜವೇ ಆಗಿದೆ. ಆ ಊರಿನಲ್ಲಿ ಇಂದಿಗೂ ಅವರ ಹೆಸರನ್ನು ಹೊತ್ತ ಶಾಲೆಯಿದೆ.

೧೯೪೭ರ ಜನವರಿ ತಿಂಗಳಲ್ಲಿ ಮಂಜಪ್ಪನವರು ದೇಹವನ್ನು ತ್ಯಜಿಸಿದರು. ಆಗ ಅವರಿಗೆ ಅರುವತ್ತು ವರ್ಷ. ಇನ್ನು ಏಳು ತಿಂಗಳು ಬದುಕಿದ್ದರೆ ಅವರು ಸ್ವಾತಂತ್ರ್ಯದ ದಿನವನ್ನು ಕಾಣುತ್ತಿದ್ದರು. ನಾಲ್ವತ್ತು ವರ್ಷಗಳ ಕಾಲ ಯಾವ ದಿನಕ್ಕಾಗಿ ದುಡಿದಿದ್ದರೋ ಆ ದಿನ ಅವರ ಪಾಲಿಗೆ ಬರಲಿಲ್ಲ. ಆದರೆ ಆ ದಿನ ಬರುವಂತೆ ಜನರ ಮನಸ್ಸನ್ನು ಹದಗೊಳಿಸಿದವರಲ್ಲಿ ಅವರೂ ಒಬ್ಬರು.

ಜನರ ರಾಜಕೀಯ ಅಭಿಪ್ರಾಯವನ್ನು ಬದಲಿಸುವುದು ನೇರ ಸತ್ಯವೋ ಕರುಣೆಯೋ ಎಂಬ ಪ್ರಶ್ನೆಗೆ ಮಂಜಪ್ಪನವರ ಬಾಳು ಒಂದು ಉತ್ತರವನ್ನು ಕೊಡುತ್ತದೆ. ಜನ ಮೊದಲು ತೂಗುವುದು ಮಾತನ್ನಲ್ಲ, ಮಾತನಾಡುವವನನ್ನು. ಇವನು ನಮ್ಮ ಹಿತವನ್ನು ಬಯಸುವನೆ, ತಾನು ಹೇಳಿದಂತೆ ನಡೆಯುವನೆ ಎಂದು ನೋಡುತ್ತಾರೆ. ಹೌದೆಂದು ತೋರಿದ ಮೇಲೆ ಅವನು ಹೇಳುವ ಸತ್ಯ ಎಷ್ಟು ಕಹಿಯಾಗಿದ್ದರೂ ಔಷಧದಂತೆ ಸ್ವೀಕರಿಸುತ್ತಾರೆ. ಅಲ್ಲವೆಂದು ತೋರಿದರೆ ಸಿಹಿಯಾದ ಸತ್ಯವನ್ನೂ ಬಾಗಿಲ ಹೊರಗೇ ನಿಲ್ಲಿಸುತ್ತಾರೆ. ಮತಭೇದ ಬಂದೊಡನೆ ಎದುರಿಗಿರುವವನನ್ನು ಮೂರ್ಖನೆಂದೋ ದ್ರೋಹಿಯೆಂದೋ ಜರೆಯುವ ಚಪಲ ಯಾವ ಕಾಲದಲ್ಲಿಯೂ ಇದ್ದದ್ದೇ. ಅಂಥ ಗಳಿಗೆಯಲ್ಲಿ ದಾವಣಗೆರೆಯ ಪತ್ರಿಕಾಲಯದಿಂದ ಹರಿಹರದ ಹೊಳೆಯ ದಂಡೆಯವರೆಗೆ ಮಂಜಪ್ಪನವರು ನಡೆದ ದಾರಿಯನ್ನು ನೆನೆಯುವುದು ಒಳ್ಳೆಯದು. ಆ ಊರುಗಳ ನಡುವಿನ ದೂರ ಕೆಲವೇ ಹರಿದಾರಿ. ಅದನ್ನು ಕ್ರಮಿಸಲು ಅವರಿಗೆ ಹದಿನೈದಕ್ಕೂ ಹೆಚ್ಚು ವರ್ಷಗಳ ತಪಸ್ಸು ಬೇಕಾಯಿತು.